ಮಿಂಚುಹುಳುಗಳೂ ಸಂತರ ಅನ್ಯೋನ್ಯತೆಯೂ: ‘ಘೋಸ್ಟ್ ಸ್ಕ್ವಾಡ್’ ಕಾದಂಬರಿಯ ಒಂದು ದೈವಶಾಸ್ತ್ರೀಯ ಓದು

ಕ್ಲಾರಿಬೆಲ್ ಎ. ಒರ್ಟೇಗಾ ಅವರ ‘ಘೋಸ್ಟ್ ಸ್ಕ್ವಾಡ್’ 2020ರಲ್ಲಿ ಸ್ಕೊಲಾಸ್ಟಿಕ್ ಪ್ರಕಾಶನದಿಂದ ಹೊರಬಂದ ಇಂಗ್ಲಿಷ್ ಮಕ್ಕಳ ಕಾದಂಬರಿ. ಲೇಖಕಿ ಡೊಮಿನಿಕನ್ ಮೂಲದ ಅಮೆರಿಕನ್ನರು. ‘ಡೊಮಿನಿಕನ್’ ಎಂದೊಡನೆ ನಮ್ಮ ಗುರುಮಠದ ಓದುಗರಿಗೆ ಸಂತ ದೊಮಿನಿಕರ ಸಭೆಯ ಬಿಳಿಯ ನಿಲುವಂಗಿ ಕಣ್ಣ ಮುಂದೆ ಬರಬಹುದು. ಇಲ್ಲಿ ಪ್ರಸ್ತಾಪವಿರುವುದು ಕೆರಿಬಿಯನ್ ಕಡಲಿನ ಡೊಮಿನಿಕನ್ ಗಣರಾಜ್ಯದ್ದು. ಆ ಸಭೆಗೂ ಈ ನಾಡಿಗೂ ನಂಟೇ ಇಲ್ಲವೆನ್ನುವಂತೆಯೂ ಇಲ್ಲ: 1511ರ ಆಗಮನಕಾಲದಲ್ಲಿ ಅಂತೋನಿಯೊ ದೆ ಮೊಂತೆಸಿನೋಸ್ ಮೂಲನಿವಾಸಿಗಳ ಪರವಾಗಿ ಸ್ಪ್ಯಾನಿಷ್ ಒಡೆಯರ ಎದುರು ನಿಂತು ಪ್ರಬೋಧನೆ ಮಾಡಿದ್ದು ಅಲ್ಲಿಯೇ.

ಕಥೆ ನಡೆಯುವುದು ಮಾತ್ರ ಫ್ಲಾರಿಡಾದ ಸೇಂಟ್ ಅಗಸ್ಟೀನ್ ನಗರದಲ್ಲಿ. ಲೂಸ್ಲಿ ಲೂನಾ ಎಂಬ ಬಾಲಕಿಯ ತಂದೆ ಪ್ರವಾಸಿಗರಿಗೆ ಊರಿನ ‘ಭೂತದ ತಾಣ’ಗಳನ್ನು ತೋರಿಸಿ ಜೀವನ ಸಾಗಿಸುವವನು. ಅವರ ಹಿತ್ತಲಿನ ಗಾಜಿನ ಭರಣಿಗಳಲ್ಲಿ ಮಿಂಚುಹುಳುಗಳಿವೆ. ಅವು ಬರಿಯ ಹುಳುಗಳಲ್ಲ, ಆ ಕುಟುಂಬದಲ್ಲಿ ಗತಿಸಿದವರ ಆತ್ಮಗಳು. ಮಿಂಚುಹುಳುಗಳಲ್ಲಿ ಪ್ರೀತಿಪಾತ್ರರ ಆತ್ಮವಿರುತ್ತದೆಂಬ ಡೊಮಿನಿಕನ್ ಜನಪದ ನಂಬಿಕೆಯೇ ಕಾದಂಬರಿಯ ಬೀಜ. ಒಂದು ದಿನ ಆ ಬೆಳಕುಗಳು ಮಂಕಾಗತೊಡಗುತ್ತವೆ. ಹ್ಯಾಲೋವೀನ್ ಹಬ್ಬ ಹತ್ತಿರವಾಗುತ್ತಿರುವಾಗ ಲೂಸ್ಲಿ ಮತ್ತು ಗೆಳತಿ ಸಿಡ್ ಮಂತ್ರವೊಂದನ್ನು ಪಠಿಸಿ, ಬಯಸದೆಯೇ ದುಷ್ಟ ಆತ್ಮಗಳನ್ನು ಎಬ್ಬಿಸಿಬಿಡುತ್ತಾರೆ. ಮುಂದೆ ಮಾಟಗಾತಿಯಾದ ಸಿಡ್‌ಳ ಅಜ್ಜಿ ಬಬೆಟ್, ಚಂಕ್ ಎಂಬ ದಢೂತಿ ಬೆಕ್ಕು, ಓಟ, ಬೆನ್ನಟ್ಟುವಿಕೆ, ನಗು. ಕಥೆಯ ಕೊನೆಯನ್ನು ಹೇಳಿ ಮಕ್ಕಳ ಸಂತೋಷ ಕೆಡಿಸಲಾರೆ. ಸಾಹಸದ ಭಾಗಗಳು ಚುರುಕಾಗಿವೆ, ಹಾಸ್ಯ ಹಿತವಾಗಿದೆ, ಮಂತ್ರವು ತುಸು ಸುಲಭವಾಗಿಯೇ ಕೈಗೆ ಸಿಗುತ್ತದೆ. ಇಷ್ಟೇ ಆಗಿದ್ದರೆ ಈ ಪುಸ್ತಕಕ್ಕೆ ನಮ್ಮ ಪತ್ರಿಕೆಯಲ್ಲಿ ಸ್ಥಳವಿರುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಧರ್ಮಕೇಂದ್ರವೊಂದರಲ್ಲಿ ಧರ್ಮೋಪದೇಶದ ತರಗತಿ ಮುಗಿದ ಮೇಲೆ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಬಳಿಗೆ ಬಂದು, “ಫಾದರ್, ನಾನು ಹೇಳೋದು ನಮ್ಮಜ್ಜಿಗೆ ಕೇಳಿಸ್ತದಾ?” ಎಂದು ಕೇಳಿದಳು. ಅವಳ ಅಜ್ಜಿ ತೀರಿಕೊಂಡು ತಿಂಗಳಾಗಿತ್ತು. ನಾನು ಸರಿಯಾದ ಉತ್ತರವನ್ನೇ ಕೊಟ್ಟೆ: ಅಜ್ಜಿಗಾಗಿ ಪ್ರಾರ್ಥಿಸಬೇಕು, ನಮ್ಮ ಪ್ರಾರ್ಥನೆ ದೇವರ ಮೂಲಕ ಅವರಿಗೆ ನೆರವಾಗುತ್ತದೆ. “ಹಾಗಾದ್ರೆ ಅಜ್ಜಿ ಒಂದ್ಸಲನೂ ಯಾಕೆ ಬರಲ್ಲ?” ಎಂದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಲೂಸ್ಲಿಯ ಹಿತ್ತಲಿಗೆ ನನ್ನನ್ನು ಕರೆದೊಯ್ದದ್ದು ಆ ಪ್ರಶ್ನೆ.

ಆ ದ್ವೀಪದಲ್ಲಿ ಗತಿಸಿದವರ ಕುರಿತ ನಂಬಿಕೆಗಳನ್ನು ಮೊದಲು ಬರೆದಿಟ್ಟವರು ನಮ್ಮವರೇ ಆದ ಒಬ್ಬ ಸನ್ಯಾಸಿ. ಕೊಲಂಬಸನ ಎರಡನೆಯ ಯಾನದಲ್ಲಿ ಹೋದ ಜೆರೋಮನ ಸಭೆಯ ರಮೋನ್ ಪನೆ, ತಾಯಿನೊ ಜನರ ನಡುವೆ ವಾಸಿಸಿ, ಅವರ ಭಾಷೆ ಕಲಿತು, ಸುಮಾರು 1498ರ ವೇಳೆಗೆ ಚಿಕ್ಕದೊಂದು ವರದಿಯನ್ನು ಸಿದ್ಧಪಡಿಸಿದರು. ಅದರ ಮೂಲ ಕಳೆದುಹೋಗಿದೆ. ನಮಗೆ ದಕ್ಕಿರುವುದು 1571ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಇಟಾಲಿಯನ್ ಅನುವಾದದೊಳಗಿನ ಪಾಠ. ಆ ವರದಿಯ ಪ್ರಕಾರ ಗತಿಸಿದವರು ಹಗಲು ಅಡಗಿದ್ದು ರಾತ್ರಿ ಹೊರಬರುತ್ತಾರೆ, ಸೀಬೆಹಣ್ಣು ತಿನ್ನುತ್ತಾರೆ, ಬದುಕಿರುವವರ ನಡುವೆ ಬೆರೆಯುತ್ತಾರೆ. ಅವರನ್ನು ಗುರುತಿಸುವ ಬಗೆ ಒಂದೇ: ಹೊಟ್ಟೆ ಮುಟ್ಟಿ ನೋಡಿದರೆ ಹೊಕ್ಕುಳಿರುವುದಿಲ್ಲ. ಹುಟ್ಟಿನ ಗುರುತೇ ಅಳಿಸಿದವರು ಅವರು. ಒರ್ಟೇಗಾ ಅವರ ಮಿಂಚುಹುಳುಗಳು ಇದಕ್ಕೆ ತದ್ವಿರುದ್ಧ. ಅಲ್ಲಿ ಗತಿಸಿದವರೆಂದರೆ ಮೊದಲಿಗೆ ಅಜ್ಜಿ, ಅತ್ತೆ, ಅಣ್ಣ. ಬಾಂಧವ್ಯವೊಂದೇ ಅವರ ಗುರುತು. ತಾಯಿನೊ ನಂಬಿಕೆಯಿಂದ ಲೂಸ್ಲಿಯ ಭರಣಿಗಳಿಗೆ ನೇರ ಗೆರೆ ಎಳೆಯಲು ನಾನು ಹೊರಟಿಲ್ಲ. ನಡುವೆ ಐದು ಶತಮಾನಗಳ ಗುಲಾಮಗಿರಿ, ಆಫ್ರಿಕದಿಂದ ಬಂದವರ ಆಚಾರಗಳು, ಸ್ಪೇನಿನ ಕಥೋಲಿಕ ಭಕ್ತಿ ಎಲ್ಲವೂ ಸೇರಿಕೊಂಡಿವೆ. ಆ ದ್ವೀಪದಲ್ಲಿ ಗತಿಸಿದವರು ಎಂದೂ ದೂರದವರಾಗಿರಲಿಲ್ಲ ಎನ್ನುವಷ್ಟು ಮಾತ್ರ ನಿಶ್ಚಯ.

ಇನ್ನು ಕಥೆ ನಡೆಯುವ ಊರು. 1565ರ ಆಗಸ್ಟ್ 28ರಂದು, ಸಂತ ಅಗುಸ್ತೀನರ ಹಬ್ಬದ ದಿನ, ಪೆದ್ರೊ ಮೆನೆಂದೆಸ್‌ನ ಹಡಗುಗಳಿಗೆ ಆ ದಡ ಕಾಣಿಸಿತೆಂದು ಊರಿಗೆ ಆ ಹೆಸರು. ಕಾದಂಬರಿಯಲ್ಲಿ ಈ ಹೆಸರು ಹಳೆಯ ಗೋರಿಗಳಿರುವ, ಭೂತಕಥೆಗೆ ಹೇಳಿ ಮಾಡಿಸಿದ ಊರಿನ ಹೆಸರಷ್ಟೇ. ಆದರೆ ಗತಿಸಿದವರು ನಮ್ಮ ಬಳಿಗೆ ಬರುತ್ತಾರೆಯೇ ಎಂಬ ಪ್ರಶ್ನೆಯನ್ನು ಲ್ಯಾಟಿನ್ ಧರ್ಮಸಭೆಯಲ್ಲಿ ಅತ್ಯಂತ ನೇರವಾಗಿ ಎದುರಿಸಿದವರು ಅದೇ ಅಗುಸ್ತೀನರು. ಫ್ಲೋರಾ ಎಂಬ ತಾಯಿ ತನ್ನ ಮಗನನ್ನು ನೋಲಾ ನಗರದಲ್ಲಿ ಸಂತ ಫೆಲಿಕ್ಸರ ದೇವಾಲಯದೊಳಗೆ ಹೂಳಿಸಬಯಸಿದಳು. ಅದರಿಂದ ಮಗನಿಗೆ ಪ್ರಯೋಜನವುಂಟೇ ಎಂದು ಬಿಷಪ್ ಪೌಲಿನುಸರು ಬರೆದು ಕೇಳಿದರು. ಸುಮಾರು 421ರಲ್ಲಿ ಅಗುಸ್ತೀನರು ಬರೆದ ‘ಗತಿಸಿದವರ ಆರೈಕೆಯನ್ನು ಕುರಿತು’ ಎಂಬ ಕಿರುಗ್ರಂಥ ಅದಕ್ಕೆ ಉತ್ತರ. ಅದರಲ್ಲಿ ಅವರು ತಮ್ಮ ತಾಯಿ ಮೋನಿಕಳನ್ನು ನೆನೆಯುತ್ತಾರೆ. ಗತಿಸಿದವರು ತಮ್ಮ ಇಚ್ಛೆಯಂತೆ ಬರಬಲ್ಲವರಾಗಿದ್ದರೆ, ನೆಲದ ಮೇಲೂ ಕಡಲ ಮೇಲೂ ತನ್ನನ್ನು ಹಿಂಬಾಲಿಸಿದ ಆ ತಾಯಿ ಒಂದು ರಾತ್ರಿಯೂ ತಪ್ಪದೆ ಬರುತ್ತಿದ್ದಳು, ಆಕೆ ಬಂದಿಲ್ಲ. ಮುದಿ ಬಿಷಪರ ಈ ಮಾತಿಗೂ ಆ ಹುಡುಗಿಯ ಪ್ರಶ್ನೆಗೂ ಹೆಚ್ಚು ದೂರವಿಲ್ಲ.

ಅಗುಸ್ತೀನರು ಅಲ್ಲಿಗೇ ನಿಲ್ಲುವುದಿಲ್ಲ. ಲೂಕನ ಶುಭಸಂದೇಶದ ಧನಿಕನು ಸತ್ತ ಮೇಲೂ ತನ್ನ ಐವರು ಸಹೋದರರಿಗಾಗಿ ಕಳವಳಪಡುತ್ತಾನೆ. ಅವರು ಆ ಗಳಿಗೆಯಲ್ಲಿ ಏನು ಮಾಡುತ್ತಿದ್ದರೆಂಬುದು ಅವನಿಗೆ ತಿಳಿಯದು. ನಾವೂ ಗತಿಸಿದವರ ಸ್ಥಿತಿಯನ್ನರಿಯದೆಯೇ ಅವರಿಗಾಗಿ ಕಾಳಜಿ ವಹಿಸುತ್ತೇವೆ. ಹಾಗಾದರೆ ನೋಟ ಕಡಿದುಹೋದರೂ ಕಾಳಜಿ ಕಡಿಯಬೇಕಾಗಿಲ್ಲ. ‘ಘೋಸ್ಟ್ ಸ್ಕ್ವಾಡ್’ ಒಪ್ಪದಿರುವುದು ಇದನ್ನೇ. ಅಲ್ಲಿ ಪ್ರೀತಿ ಉಳಿಯಬೇಕಾದರೆ ಬೆಳಕು ಕಣ್ಣಿಗೆ ಕಾಣುತ್ತಲೇ ಇರಬೇಕು. ಹುಳು ಮಂಕಾದರೆ ಅಜ್ಜಿಯೇ ಇಲ್ಲವಾಗುತ್ತಾಳೆ.

ಈ ಅಂಜಿಕೆಯನ್ನು ಹಗುರವಾಗಿ ಕಾಣಬಾರದು. ವಲಸೆ ಬಂದವರ ಹಿರಿಯರ ಗೋರಿಗಳು ಸಾಮಾನ್ಯವಾಗಿ ಕಡಲಾಚೆ ಉಳಿದಿರುತ್ತವೆ. ಡೊಮಿನಿಕನ್ ಕುಟುಂಬಗಳಲ್ಲಿ ಗೋರಿಯೇ ಇಲ್ಲದ ಹಿರಿಯರೂ ಇದ್ದಾರೆ: 1930ರಿಂದ 1961ರವರೆಗೆ ಆಳಿದ ತ್ರುಹಿಯೊನ ಕಾಲದಲ್ಲಿ ಕಾಣೆಯಾದವರು. ಇಂಥ ಜನರಿಗೆ ಭರಣಿಯೇ ಸಮಾಧಿಭೂಮಿ. ಜುನೊ ದಿಯಾಸ್ ಅವರ ‘ಐಲೆಂಡ್‌ಬಾರ್ನ್’ (2018) ಎಂಬ ಮಕ್ಕಳ ಚಿತ್ರಪುಸ್ತಕ ಆ ಸರ್ವಾಧಿಕಾರವನ್ನು ದ್ವೀಪವನ್ನು ಕಾಡಿದ ರಾಕ್ಷಸನಾಗಿ ಚಿತ್ರಿಸಿ ಮಕ್ಕಳ ಮುಂದಿಡುತ್ತದೆ. ಒರ್ಟೇಗಾ ಆ ದಾರಿ ಹಿಡಿಯುವುದಿಲ್ಲ. ಆದರೂ ಅವರ ಮಿಂಚುಹುಳುಗಳಿಗೆ ಹೆಸರಿದೆ, ಸ್ವಭಾವವಿದೆ, ಗದ್ದಲವಿದೆ. ನವೆಂಬರ್ 2ರಂದು ನಮ್ಮ ಬಲಿಪೀಠದ ಮೇಲಿಡುವ ಲಕೋಟೆಗಳಲ್ಲಿ ಎಷ್ಟು ಹೆಸರುಗಳಿಗೆ ಇಷ್ಟು ಜೀವ ಉಳಿದಿರುತ್ತದೆ? ಪಟ್ಟಿಯನ್ನು ಅವಸರದಲ್ಲಿ ಓದಿ ಮುಗಿಸಿದವರಲ್ಲಿ ನಾನೂ ಒಬ್ಬ.

ನನ್ನ ಮುಖ್ಯ ಆಕ್ಷೇಪ ಎರಡು ಕಡೆಯಿಂದ ಬರುತ್ತದೆ. ಮೊದಲನೆಯದು, ಗತಿಸಿದವರನ್ನು ಉಳಿಸುವ ಹೊಣೆ ಒಬ್ಬ ಬಾಲಕಿಯ ಹೆಗಲಿಗೆ ಬೀಳುತ್ತದೆ. ಮೆಕ್ಸಿಕೋದ ಆಚಾರವನ್ನಾಧರಿಸಿದ ‘ಕೋಕೊ’ (2017) ಚಲನಚಿತ್ರದಲ್ಲೂ ಹೀಗೆಯೇ: ಭೂಮಿಯ ಮೇಲೆ ನೆನೆಯುವವರು ಒಬ್ಬರೂ ಉಳಿಯದಿದ್ದರೆ ಸತ್ತವನು ಎರಡನೆಯ ಬಾರಿ ಅಳಿಯುತ್ತಾನೆ. ಮನುಷ್ಯರ ನೆನಪಿನ ಮೇಲೆ ಇಷ್ಟು ಭಾರ ಹೊರಿಸುವುದು ಕ್ರೌರ್ಯ. ಯೆಶಾಯನ ಪ್ರವಾದನೆಯಲ್ಲಿ ದೇವರು ತಮ್ಮ ಜನರನ್ನು ಅಂಗೈಯಲ್ಲಿ ಕೆತ್ತಿಕೊಂಡಿದ್ದಾರೆ. ಯೋಸೆಫ್ ರಾಟ್ಸಿಂಗರ್ 1977ರ ತಮ್ಮ ಅಂತ್ಯಶಾಸ್ತ್ರದ ಗ್ರಂಥದಲ್ಲಿ ವಾದಿಸಿದ್ದೂ ಇದನ್ನೇ: ಮನುಷ್ಯ ಅಮರನಾಗುವುದು ದೇವರು ಅವನೊಡನೆ ಆರಂಭಿಸಿದ ಸಂವಾದವನ್ನು ಮುರಿಯದಿರುವುದರಿಂದ. ಅಜ್ಜಿಯನ್ನು ಮರೆತರೂ ಅಜ್ಜಿ ಇಲ್ಲವಾಗುವುದಿಲ್ಲವೆಂದು ಮಗುವಿಗೆ ಹೇಳಬಲ್ಲ ವಿಶ್ವಾಸ ನಮ್ಮದು. ಅದನ್ನು ನಾವು ಹೇಳುತ್ತಿಲ್ಲ.

ಎರಡನೆಯದು, ಕಾದಂಬರಿಯಲ್ಲಿ ಆತ್ಮಗಳು ಎರಡು ಪಾಲಾಗಿವೆ. ಮನೆಯವರು ಬೆಳಕು, ಹೊರಗಿನವರು ಕೇಡು. ದುಷ್ಟ ಆತ್ಮಗಳು ಹೆಚ್ಚಾಗಿ ಓಡಿಸಬೇಕಾದ ಕಂಟಕವಾಗಿಯೇ ಕಾಣುತ್ತವೆ. ಆದರೆ ಯಾವ ಕುಟುಂಬದ ಭರಣಿಯಲ್ಲಿ ಕುಡುಕ ಚಿಕ್ಕಪ್ಪನಿಲ್ಲ, ಸೊಸೆಯನ್ನು ಅಳಿಸಿದ ಅತ್ತೆಯಿಲ್ಲ? ಶುದ್ಧೀಕರಣದ ಬಗೆಗಿನ ನಮ್ಮ ಬೋಧನೆ ಇಲ್ಲಿ ಹೆಚ್ಚು ಪ್ರಾಮಾಣಿಕ. ನಾವು ಪ್ರೀತಿಸಿದವರಿಗೂ ಶುದ್ಧೀಕರಣ ಬೇಕು. ನಮಗೆ ಕೇಡು ಮಾಡಿದವರೂ, ನೆನೆಯಲು ಯಾರೂ ಇಲ್ಲದವರೂ ಅದೇ ಪ್ರಾರ್ಥನೆಯೊಳಗಿದ್ದಾರೆ. ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಯೂದನು ಹಣ ಕೂಡಿಸಿ ಬಲಿಯರ್ಪಣೆ ಮಾಡಿಸಿದ್ದು, ಉಡುಪಿನೊಳಗೆ ವಿಗ್ರಹಗಳನ್ನು ಬಚ್ಚಿಟ್ಟುಕೊಂಡು ಸತ್ತ ಸೈನಿಕರಿಗಾಗಿ. ಮಕ್ಕಳ ಕಾದಂಬರಿಯಿಂದ ಇಷ್ಟನ್ನು ನಿರೀಕ್ಷಿಸಬಹುದೇ ಎಂದು ಕೇಳಬಹುದು. ಮಕ್ಕಳು ತಮ್ಮ ಮನೆಯ ಹಿರಿಯರ ತಪ್ಪುಗಳನ್ನು ನಮಗಿಂತ ಮೊದಲೇ ಅರಿತಿರುತ್ತಾರೆ.

ಮಾಟದ ವಿಷಯ ಎತ್ತಿ ಪುಸ್ತಕವನ್ನು ದೂರವಿಡುವವರು ನಮ್ಮಲ್ಲಿದ್ದಾರೆ. ಸತ್ತವರನ್ನು ಕರೆಸುವುದನ್ನು ಧರ್ಮೋಪದೇಶದ 2116ನೆಯ ಪರಿಚ್ಛೇದ ನಿಷೇಧಿಸುತ್ತದೆ, ಎಂದೋರಿನ ಮಂತ್ರವಾದಿನಿಯ ಬಳಿಗೆ ಹೋದ ಸೌಲನ ಗತಿಯನ್ನು ನಾವು ಬಲ್ಲೆವು. ಆದರೆ ಮಿಂಚುಹುಳುಗಳನ್ನು ಯಾರೂ ಕರೆಸಲಿಲ್ಲ. ಕರೆಸುವ ಕೆಲಸ ನಡೆಯುವುದು ಮಂತ್ರ ಪಠಿಸಿದಾಗ; ಅದರಿಂದಾದ ಅನಾಹುತವೇ ಕಥೆ. ಧರ್ಮೋಪದೇಶಕರು ಹಿರಿಯ ಮಕ್ಕಳೊಡನೆ ಇದನ್ನು ಸಮುವೇಲನ ಮೊದಲನೆಯ ಗ್ರಂಥದ 28ನೆಯ ಅಧ್ಯಾಯದ ಪಕ್ಕದಲ್ಲಿಟ್ಟು ಓದಲಿ. ಜೊತೆಗೆ ಓಸ್ತಿಯಾದಲ್ಲಿ ಸಾಯುವ ಮುನ್ನ ಮೋನಿಕಳು ಮಕ್ಕಳಿಗೆ ಹೇಳಿದ್ದನ್ನೂ ತಿಳಿಸಲಿ: ದೇಹವನ್ನು ಎಲ್ಲಾದರೂ ಇಡಿ, ಎಲ್ಲಿದ್ದರೂ ಪ್ರಭುವಿನ ಬಲಿಪೀಠದಲ್ಲಿ ನನ್ನನ್ನು ನೆನೆಯಿರಿ ಎಂಬುದಷ್ಟೇ ಆಕೆಯ ಕೋರಿಕೆಯಾಗಿತ್ತು.

ಪುಸ್ತಕ ಓದಿ ಮುಗಿಸಿದ ಮೇಲೆ ಆ ಹುಡುಗಿಯ ತಾಯಿಗೆ ಫೋನ್ ಮಾಡಿದೆ. ಹುಡುಗಿ ಈಗ ಕಾಲೇಜಿನಲ್ಲಿದ್ದಾಳಂತೆ. ಅಜ್ಜಿಯ ಹೆಸರೇನೆಂದು ಕೇಳಿದಾಗ ಆಕೆ ಒಂದು ಕ್ಷಣ ಸುಮ್ಮನಾದರು. ಆ ಅಂತ್ಯಸಂಸ್ಕಾರವನ್ನು ನಡೆಸಿದವನು ನಾನೇ. ಹೆಸರನ್ನು ಬರೆದುಕೊಂಡೆ.