ನಲವತ್ತೊಂಬತ್ತು ದೊಡ್ಡದಾ, ನಲವತ್ತಮೂರು ದೊಡ್ಡದಾ?

ಹೋದ ತಿಂಗಳು ಊಟದ ಹೊತ್ತಲ್ಲಿ ನಮ್ಮ ಟೀಮಿನ ಗೆಳೆಯನೊಬ್ಬ ಫೋನನ್ನ ನನ್ನ ಕಡೆ ತಿರುಗಿಸಿ, "ಮಗಾ, ಇದೊಂದು ನೋಡಿ ಹೇಳು, ಶನಿವಾರದೊಳಗೆ ಅಡ್ವಾನ್ಸ್ ಕಟ್ಟಿದ್ರೆ ಡಿಸ್ಕೌಂಟ್ ಅಂತೆ" ಅಂದ. ತೂಕ ಇಳಿಸೋ ಒಂದು ಆಸ್ಪತ್ರೆಯ ಒಂದು ಪುಟದ ಬ್ರೋಷರ್ ಅದು. ಎರಡು ಕಾಲಂ. ಎಡಗಡೆ ಎಂಡೋಸ್ಕೋಪಿಕ್ ಸ್ಲೀವ್, ಬಲಗಡೆ ಸ್ಲೀವ್ ಸರ್ಜರಿ. ಎಡಗಡೆ ಪೂರಾ ಹಸಿರು ಟಿಕ್ಕು: ಕೊಯ್ಯುವುದಿಲ್ಲ, ಕಲೆ ಇಲ್ಲ, ಮರುದಿನ ಮನೆಗೆ, ಬೇಡವೆನಿಸಿದರೆ ಬಿಚ್ಚಬಹುದು. ಬಲಗಡೆ ಎಲ್ಲಾ ಕೆಂಪು. ಕಡೇ ಸಾಲಿನಲ್ಲಿ ತೂಕ ಇಳಿಕೆ: ಎಡಕ್ಕೆ ಶೇ. 49, ಬಲಕ್ಕೆ ಶೇ. 43.

ಕೊಯ್ಯದೇ ಮಾಡೋದರಲ್ಲೇ ಹೆಚ್ಚು ತೂಕ ಇಳಿಯೋದಾದ್ರೆ ಜನ ಇನ್ನೂ ಯಾಕೆ ಹೊಟ್ಟೆ ಕೊಯ್ಯಿಸಿಕೊಳ್ತಿದಾರೆ? ಈ ಒಂದು ಸಂಶಯಕ್ಕೆ ಆ ಸಂಜೆ ಕೂತು ಹುಡುಕಿದೆ. ನಾನು ಡಾಕ್ಟರಲ್ಲ. ಆದರೆ ಎರಡು ಕಾಲಂನಲ್ಲಿ ಬೇರೆ ಬೇರೆ ಯೂನಿಟ್ ತುಂಬಿದರೆ ಏನಾಗುತ್ತೆ ಅನ್ನೋದು ಹತ್ತು ವರ್ಷದಿಂದ ನೋಡಿಕೊಂಡೇ ಬಂದಿದೀನಿ.

ಮೊದಲು ಇವೆರಡೂ ಏನು ಅಂತ ಹೇಳಿಬಿಡ್ತೀನಿ. ಸ್ಲೀವ್ ಸರ್ಜರಿಯಲ್ಲಿ ಹೊಟ್ಟೆಗೆ ನಾಲ್ಕೈದು ಸಣ್ಣ ತೂತು ಮಾಡಿ, ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನ ಸ್ಟೇಪ್ಲರ್‌ನಿಂದ ಕತ್ತರಿಸಿ ಹೊರಗೆ ತೆಗೀತಾರೆ. ಉಳಿಯೋದು ಬಾಳೆಹಣ್ಣಿನಂಥ ಒಂದು ಕೊಳವೆ. ಎಂಡೋಸ್ಕೋಪಿಕ್ ವಿಧಾನದಲ್ಲಿ ಬಾಯಿಂದ ನಳಿಕೆ ಇಳಿಸಿ, ಅದರ ತುದಿಯಲ್ಲಿರೋ ಹೊಲಿಗೆ ಸಾಧನದಿಂದ ಜಠರದ ಗೋಡೆಯನ್ನ ಒಳಗಿಂದಲೇ ಮಡಚಿ ಹೊಲೀತಾರೆ. ಚೀಲ ಕಿರಿದಾಗುತ್ತೆ, ಯಾವ ಭಾಗವೂ ಹೊರಗೆ ಬರಲ್ಲ. ಎರಡಕ್ಕೂ ಪೂರ್ತಿ ಅರಿವಳಿಕೆ ಬೇಕು. ಬ್ರೋಷರ್ ಈ ಮಾತನ್ನ ಎಲ್ಲೂ ಹೇಳಲ್ಲ.

ಈಗ ಆ 49. ಇದು ಎಲ್ಲಿಂದ ಬಂತು ಅಂತ ಹುಡುಕೋದು ಕಷ್ಟ ಆಗಲಿಲ್ಲ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಮೆರಿಟ್ ಅನ್ನೋ ಅಮೆರಿಕದ ಅಧ್ಯಯನ. ಬಿಎಂಐ 30ರಿಂದ 40ರ ಒಳಗಿದ್ದ 209 ಜನ. ಹೊಲಿಗೆ ಹಾಕಿಸಿಕೊಂಡವರಲ್ಲಿ ಒಂದು ವರ್ಷಕ್ಕೆ 'ಹೆಚ್ಚುವರಿ ತೂಕ'ದ ಶೇ. 49.2 ಇಳೀತು. ಕಿತಾಪತಿ ಇರೋದು ಈ 'ಹೆಚ್ಚುವರಿ'ಯಲ್ಲಿ. ಅಂದ್ರೆ ಇರಬೇಕಾದ್ದಕ್ಕಿಂತ ಮೇಲಿರೋ ತೂಕದಲ್ಲಿ ಅರ್ಧ. ಅದೇ ಅಧ್ಯಯನ, ಅದೇ ಜನ, ಒಟ್ಟು ತೂಕದ ಲೆಕ್ಕದಲ್ಲಿ ಶೇ. 13.6.

ನನ್ನ ಗೆಳೆಯ 104 ಕೆಜಿ, ಎತ್ತರ 170 ಸೆಂಟಿಮೀಟರ್, ಬಿಎಂಐ 36. ಬಿಎಂಐ 25ಕ್ಕೆ ಇವನು 72 ಕೆಜಿ ಇರಬೇಕು. ಹೆಚ್ಚುವರಿ 32. ಅದರಲ್ಲಿ 49 ಪರ್ಸೆಂಟ್ ಅಂದ್ರೆ ಹದಿನೈದೂವರೆ ಕೆಜಿ. ಒಟ್ಟು ತೂಕದ ಲೆಕ್ಕ ಹಿಡಿದರೆ ಹದಿನಾಲ್ಕು. ಇವನು ಬ್ರೋಷರ್ ನೋಡಿ "ಅರ್ಧ ಆಗೋಗ್ತೀನಿ ಮಗಾ" ಅಂತ ಕೂತಿದ್ದ.

ಆ 43 ಇದಕ್ಕಿಂತ ಮಜಾ ಇದೆ. ಅದು ಫಿನ್ಲೆಂಡಿನ ಸ್ಲೀವ್‌ಪಾಸ್ ಅನ್ನೋ ಅಧ್ಯಯನದ್ದು. 240 ಜನ, ಕೆಲವರಿಗೆ ಸ್ಲೀವ್, ಉಳಿದವರಿಗೆ ಬೈಪಾಸ್. ಸ್ಲೀವ್ ಗುಂಪಿನವರಲ್ಲಿ ಇಳಿದಿದ್ದು ಹೆಚ್ಚುವರಿ ತೂಕದ ಶೇ. 43.5. ಆದರೆ ಅದು ಒಂದು ವರ್ಷದ ಲೆಕ್ಕ ಅಲ್ಲ, ಹತ್ತು ವರ್ಷದ್ದು! ಅದೂ ಸರಾಸರಿ ಬಿಎಂಐ 46ರ ಹತ್ತಿರ ಇದ್ದವರದ್ದು. ನನ್ನ ಗೆಳೆಯನಷ್ಟೇ ಎತ್ತರದ ಮನುಷ್ಯನಿಗೆ ಬಿಎಂಐ 46 ಅಂದ್ರೆ 133 ಕೆಜಿ, ಹೆಚ್ಚುವರಿ 61. ಅದರಲ್ಲಿ 43.5 ಪರ್ಸೆಂಟ್ ಅಂದ್ರೆ ಇಪ್ಪತ್ತಾರೂವರೆ ಕೆಜಿ. ಅಲ್ಲಿಗೆ ಬ್ರೋಷರ್‌ನಲ್ಲಿ ಚಿಕ್ಕದಾಗಿ ಕಾಣೋ ನಂಬರ್ ಹತ್ತು ವರ್ಷ ಆದಮೇಲೂ ಇಳಿದೇ ಇರೋ ಇಪ್ಪತ್ತಾರು ಕೆಜಿ, ದೊಡ್ಡದಾಗಿ ಕಾಣೋದು ಒಂದು ವರ್ಷದ ಹದಿನೈದು ಕೆಜಿ. ಸ್ಲೀವ್ ಮಾಡಿಸಿಕೊಂಡ ಮೊದಲ ಒಂದೆರಡು ವರ್ಷದಲ್ಲಿ ಸಾಮಾನ್ಯವಾಗಿ ಒಟ್ಟು ತೂಕದ ಶೇ. 25ರಿಂದ 30 ಇಳಿಯುತ್ತೆ. ಎದುರುಬದುರು ಇಡಬೇಕಾಗಿದ್ದು ಇದನ್ನ ಮತ್ತು ಆ 13.6ನ್ನ. ಎರಡೂ ನಂಬರ್ ಸುಳ್ಳಲ್ಲ, ಅದಕ್ಕೇ ನನಗೆ ಸಿಟ್ಟು ಬಂದಿದ್ದು. ಸುಳ್ಳಾಗಿದ್ರೆ ಹಿಡಿಯೋದು ಸುಲಭ.

ಹಾಗಂತ ನಾನು ಸರ್ಜರಿ ಪಾರ್ಟಿ ಅಂದುಕೋಬೇಡಿ. ಅದೇ ಸ್ಲೀವ್‌ಪಾಸ್‌ನಲ್ಲಿ ಹತ್ತು ವರ್ಷಕ್ಕೆ ಸ್ಲೀವ್ ಆದವರ ಪೈಕಿ ಶೇ. 31 ಜನಕ್ಕೆ ಅನ್ನನಾಳದ ಉರಿಯೂತ ಕಂಡಿತ್ತು. ಬೈಪಾಸ್ ಆದವರಲ್ಲಿ ಅದು ಶೇ. 7. ನನ್ನ ಗೆಳೆಯನಿಗೆ ಮೊದಲೇ ರಾತ್ರಿ ಎದೆಯುರಿ, ಎರಡು ದಿಂಬು ಇಟ್ಕೊಂಡು ಮಲಗೋ ಆಸಾಮಿ. ಎಂಡೋಸ್ಕೋಪಿ ಹೊಲಿಗೆಯಲ್ಲಿ ಈ ಕಾಟ ಕಡಿಮೆ. ಅಂದ್ರೆ ಬ್ರೋಷರ್‌ನವರು ತಮ್ಮ ಮಾಲಿಗೆ ನಿಜವಾಗಿ ಅನುಕೂಲ ಆಗೋ ಒಂದು ಸಾಲನ್ನೇ ಬಿಟ್ಟಿದ್ದಾರೆ. ರೋಗಿಗೆ ಏನು ಬೇಕು ಅಂತ ಯೋಚಿಸಿ ಬರೆದಿದ್ರೆ ಅದು ಮೊದಲನೇ ಸಾಲಾಗ್ತಿತ್ತು.

ಹಸಿವಿನ ಸಾಲೂ ಇಲ್ಲ. ಹಸಿವು ಹುಟ್ಟಿಸೋ ಗ್ರೆಲಿನ್ ಹಾರ್ಮೋನ್ ಹೆಚ್ಚಾಗಿ ತಯಾರಾಗೋದು ಜಠರದ ಮೇಲಿನ ಗುಮ್ಮಟದಂಥ ಭಾಗದಲ್ಲಿ. ಸರ್ಜರಿಯಲ್ಲಿ ಅದು ಹೋಗಿಬಿಡುತ್ತೆ, ಹೊಲಿಗೆಯಲ್ಲಿ ಸಾಮಾನ್ಯವಾಗಿ ಹಾಗೇ ಉಳಿಯುತ್ತೆ. ಹೊಟ್ಟೆ ಚಿಕ್ಕದಾಗೋದು ಬೇರೆ, ಹಸಿವು ಕಡಿಮೆ ಆಗೋದು ಬೇರೆ ಅನ್ನೋದು ಹಬ್ಬದ ಮನೆಯಲ್ಲಿ ಪಥ್ಯ ಮಾಡಿದವರಿಗೆ ಗೊತ್ತು. ಇನ್ನು 'ಬೇಡವೆನಿಸಿದರೆ ಬಿಚ್ಚಬಹುದು' ಅನ್ನೋ ಮಾತು. ನಾವು ಬರೆಯೋ ಕೋಡ್‌ನಲ್ಲೇ ರೋಲ್‌ಬ್ಯಾಕ್ ಅಂದ್ರೆ ಮೊದಲಿದ್ದ ಹಾಗೆ ಆಗೋದು ಅಪರೂಪ. ಇದು ಮಾಂಸ. ಶುರುವಿನಲ್ಲಿ ಹೊಲಿಗೆ ಕತ್ತರಿಸಬಹುದು ನಿಜ, ದಿನ ಕಳೆದಂತೆ ಮಡಿಕೆಗಳು ಗಾಯ ಮಾಗಿದ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಊಟದ ವಿಷಯ ಎರಡೂ ಕಾಲಂನಲ್ಲಿ ಕಾಣೆ. ಯಾವುದೇ ಮಾಡಿಸಿಕೊಂಡರೂ ಮೊದಲ ವಾರಗಳು ನೀರಿನಂಥದ್ದು, ಆಮೇಲೆ ಕಿವುಚಿದ್ದು, ಆಮೇಲೆ ಗಟ್ಟಿ. ಪ್ರತಿ ತುತ್ತನ್ನೂ ಚೆನ್ನಾಗಿ ಅಗೀಬೇಕು. ಗೆಳೆಯ ಮಂಡ್ಯ ಕಡೆಯವನು. ಮುದ್ದೇನ ಅಗಿಯೋದು ಅಂದ್ರೆ ಅವರ ಮನೇಲಿ ನಗ್ತಾರೆ, ಅದು ನುಂಗೋ ವಸ್ತು. ಸರ್ಜರಿ ಆದರೆ ಬಿ12, ಕಬ್ಬಿಣದ ಮಾತ್ರೆ ಜೀವನಪೂರ್ತಿ ಬೇರೆ.

ನನ್ನ ಕೇಳಿದರೆ ಬ್ರೋಷರ್‌ನಲ್ಲಿ ಮೂರನೇ ಕಾಲಂ ಒಂದು ಇರಬೇಕಿತ್ತು. ವಾರಕ್ಕೊಂದು ಸಲ ಚುಚ್ಚಿಕೊಳ್ಳೋ ಸೆಮಾಗ್ಲುಟೈಡ್ ಇಂಜೆಕ್ಷನ್ ಅದರ ದೊಡ್ಡ ಅಧ್ಯಯನದಲ್ಲಿ 68 ವಾರಕ್ಕೆ ಒಟ್ಟು ತೂಕದ ಶೇ. 14.9 ಇಳಿಸಿತ್ತು. 13.6ರ ಪಕ್ಕದಲ್ಲೇ ಕೂರೋ ನಂಬರ್. ನಿಲ್ಲಿಸಿದರೆ ತೂಕ ವಾಪಸ್ ಬರುತ್ತೆ, ತಿಂಗಳು ತಿಂಗಳು ದುಡ್ಡು ಸುರೀಬೇಕು, ಅದೆಲ್ಲ ಸರಿ. ಆದರೆ ಎಂಡೋಸ್ಕೋಪಿ ಹೊಲಿಗೆಗೆ ನಿಜವಾದ ಎದುರಾಳಿ ಆಪರೇಷನ್ ಅಲ್ಲ, ಈ ಇಂಜೆಕ್ಷನ್. ಆ ಹೋಲಿಕೆಯಲ್ಲಿ ಹಸಿರು ಟಿಕ್ಕು ಅಷ್ಟು ಸಲೀಸಾಗಿ ಬೀಳಲ್ಲ.

ದುಡ್ಡು ಅಂದಾಗ ಇನ್ಶೂರೆನ್ಸ್ ನೆನಪಾಯ್ತು. ಐಆರ್‌ಡಿಎಐ ನಿಯಮದ ಪ್ರಕಾರ ಬೊಜ್ಜಿನ ಸರ್ಜರಿಗೆ ಪಾಲಿಸಿ ಕಾಸು ಕೊಡಬೇಕಾದ್ರೆ ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು, ಇಲ್ಲಾ 35 ಅಥವಾ ಅದಕ್ಕಿಂತ ಹೆಚ್ಚಿದ್ದು ಜೊತೆಗೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ ಅಥವಾ ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ ಇರಬೇಕು. ಗೆಳೆಯನಿಗೆ ಶುಗರ್ ಇದೆ, ಆದರೆ ಮಾತ್ರೆಯಲ್ಲಿ ಹಿಡಿತದಲ್ಲಿದೆ. ಸರಿಯಾಗಿ ಮಾತ್ರೆ ನುಂಗಿದ್ದೇ ತಪ್ಪಾಯ್ತು! ಬಿಎಂಐ 30–35ರಲ್ಲಿ ಇರೋರು, ಅಂದ್ರೆ ಈ ಹೊಲಿಗೆ ನಿಜವಾಗಿ ಹೊಂದೋ ಜನ, ಆ ಪಟ್ಟಿಯ ಹತ್ತಿರಕ್ಕೂ ಬರಲ್ಲ. ಅದಕ್ಕೇ ಇರಬೇಕು ಬ್ರೋಷರ್ ಕೆಳಗೆ ಇಎಂಐ ಸೌಲಭ್ಯ ಅಂತ ಅಷ್ಟು ದಪ್ಪ ಅಕ್ಷರ.

ಮಾರನೇ ದಿನ ಒಂದು ಹಾಳೆಯಲ್ಲಿ ಎಲ್ಲವನ್ನೂ ಕೆಜಿ ಮತ್ತು ವರ್ಷದಲ್ಲಿ ಬರೆದು ಅವನಿಗೆ ಕೊಟ್ಟೆ. ತುಂಬ ಹೊತ್ತು ನೋಡಿದ. "ಹದಿನಾಲ್ಕು ಕೆಜಿ ಇಳಿದ್ರೂ ನನಗೆ ಸಾಕು ಕಣೋ, ಮಗಳ ಜೊತೆ ಮೆಟ್ಟಿಲು ಹತ್ತಬಹುದು. ಆದರೆ ಹದಿನಾಲ್ಕು ಅಂತಾನೇ ಹೇಳಬಹುದಿತ್ತಲ್ವಾ?" ಅಂದ. ಶನಿವಾರ ಅಡ್ವಾನ್ಸ್ ಕಟ್ಟಲಿಲ್ಲ. ಬೇರೆ ಕಡೆ ಒಬ್ಬರು ಸರ್ಜನ್ ಹತ್ತಿರ ಅಪಾಯಿಂಟ್‌ಮೆಂಟ್ ತಗೊಂಡಿದಾನೆ, ಎದೆಯುರಿಯ ವಿಷಯ ಮೊದಲು ಕೇಳ್ತಾನಂತೆ. ಹಾಳೆ ಮಡಚಿ ಪರ್ಸಲ್ಲಿ ಇಟ್ಕೊಂಡಿದಾನೆ.