ಚೆನ್ನಮ್ಮಾಜಿಯ ಶರಣಾಗತರಕ್ಷಣೆ: ಒಂದು ವಿಮರ್ಶೆ

1689ರಲ್ಲಿ ರಾಜಾರಾಮ ಛತ್ರಪತಿಗೆ ಕೆಳದಿಯ ರಾಣಿ ಚೆನ್ನಮ್ಮಾಜಿಯು ಆಶ್ರಯವಿತ್ತ ಸಂಗತಿಯು ಶಿವಮೊಗ್ಗ, ಭದ್ರಾವತಿಗಳ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳಿಗೆ ಹೊಸದಲ್ಲ. ಲಿಂಗಣ್ಣಕವಿಯ 'ಕೆಳದಿನೃಪವಿಜಯ'ವು ಇದನ್ನು ರಾಣಿಯ ಔದಾರ್ಯವೆಂದು ಕೊಂಡಾಡಿದೆ. ನಮ್ಮ ಪಾಠಗಳೂ ಬಹುಮಟ್ಟಿಗೆ ಕವಿಯ ಜಾಡನ್ನೇ ಹಿಡಿದಿವೆ. ಪರರಾಜ್ಯಗಳೊಡನೆ ಅರಸರು ನಡೆದುಕೊಂಡ ಬಗೆಯನ್ನು ಅವರ ಶ್ರದ್ಧೆಯೊಂದರಿಂದಲೇ ವಿವರಿಸಬಹುದೇ ಎಂಬುದು ನಮ್ಮ ಪ್ರಶ್ನೆ.

ಶ್ರದ್ಧೆಯ ಮಾತನ್ನು ತಳ್ಳಿಹಾಕಿ ಎಲ್ಲವೂ ಲಾಭದ ಲೆಕ್ಕವೆನ್ನುವುದು ಸುಲಭ. 1686ರಲ್ಲಿ ಬಿಜಾಪುರವೂ 1687ರಲ್ಲಿ ಗೋಲ್ಕೊಂಡವೂ ಬಿದ್ದ ಮೇಲೆ ಬಿದನೂರಿಗೆ ಮೊಗಲರ ಭಯವು ಹತ್ತಿರವಾಯಿತು; ಮರಾಠರು ಉಳಿದಿದ್ದಷ್ಟು ಕಾಲ ಔರಂಗಜೇಬನ ಸೈನ್ಯಕ್ಕೆ ಬೇರೆಡೆ ಕೆಲಸವಿರುತ್ತಿತ್ತು. ಆದರೆ 1665ರಲ್ಲಿ ಕೆಳದಿಯ ಬಸರೂರು ಬಂದರನ್ನು ಸೂರೆಗೊಂಡವನು ಶಿವಾಜಿ. ಬಾಗಿಲಿಗೆ ಬಂದವನು ಅವನ ಮಗ. ಅಣ್ಣ ಸಂಭಾಜಿಯನ್ನು ಬಾದಶಹನು ಕೊಲ್ಲಿಸಿದ್ದೂ ಅದೇ ವರ್ಷ. ಲಾಭವನ್ನೇ ಎಣಿಸುವವರು ಬಾಗಿಲು ಮುಚ್ಚುತ್ತಿದ್ದರು, ಇಲ್ಲವೆ ಹಿಡಿದೊಪ್ಪಿಸುತ್ತಿದ್ದರು. ರಾಣಿಯು ಹಾಗೆ ಮಾಡದಿದ್ದುದಕ್ಕೆ ಶರಣಾಗತನನ್ನು ಕಾಯಬೇಕೆಂಬ ನಂಬಿಕೆಗಿಂತ ಬಲವಾದ ಕಾರಣ ನಮಗೆ ತೋರುವುದಿಲ್ಲ.

ಆದರೆ ಆಶ್ರಯವಿತ್ತ ರೀತಿಯನ್ನು ಅದೇ ನಂಬಿಕೆ ನಿರ್ಣಯಿಸಲಿಲ್ಲ. ಅಲ್ಲಿ ಕೆಲಸ ಮಾಡಿದುದು ಅನುಭವದ ಪಾಠ. ಪತಿ ಸೋಮಶೇಖರನಾಯಕನ ಕೊಲೆಯ ತರುವಾಯ, ಬಿಜಾಪುರದ ದಂಡು ಬಂದಾಗ, ರಾಣಿಯೇ ಬಿದನೂರನ್ನು ಬಿಟ್ಟು ಭುವನಗಿರಿ ದುರ್ಗವನ್ನು ಸೇರಿದ್ದಳು. ರಾಜಧಾನಿ ಕೈಬಿಟ್ಟರೂ ರಾಜ್ಯವನ್ನು ಉಳಿಸಿಕೊಳ್ಳಬಹುದೆಂಬುದನ್ನು ಅವಳಿಗೆ ಗ್ರಂಥಗಳು ಕಲಿಸಬೇಕಾಗಿರಲಿಲ್ಲ. ರಾಜಾರಾಮನನ್ನು ಅವಳು ಬಹುಕಾಲ ಇಟ್ಟುಕೊಳ್ಳಲಿಲ್ಲ. ತನ್ನ ಸೀಮೆಯನ್ನು ದಾಟಿಸಿ ಜಿಂಜಿಯ ದಾರಿ ಹಿಡಿಸಿದಳು. ಬೆನ್ನಟ್ಟಿ ಬಂದ ಮೊಗಲ ಸೈನ್ಯವನ್ನು ಎದುರಿಸಿಯೂ, ಕೊನೆಗೆ ಅಲ್ಪ ದಂಡವನ್ನು ತೆತ್ತು ಸಂಧಿ ಮಾಡಿಕೊಂಡಳೆಂದು ಇತಿಹಾಸಕಾರರು ಹೇಳುತ್ತಾರೆ. ಕವಿಯ ಕಥನವಾದರೋ ವಿಜಯದ್ದು. ಆಸ್ಥಾನಕವಿಗಳಿಂದ ದಂಡದ ಲೆಕ್ಕವನ್ನು ನಿರೀಕ್ಷಿಸುವುದೂ ಸರಿಯಲ್ಲವೆನ್ನಿ.

ಈ ದಂಡವನ್ನು ರಾಣಿಯ ಕೀರ್ತಿಗೆ ಕುಂದೆಂದು ಭಾವಿಸುವವರನ್ನು ನಾವು ಒಪ್ಪೆವು. ಯಾವುದನ್ನು ಮಾಡಲಾಗದೆಂಬುದನ್ನು ಶ್ರದ್ಧೆ ಗೊತ್ತುಮಾಡಿತು; ಉಳಿದುದರ ಬೆಲೆಯನ್ನು ಅನುಭವ ಕಟ್ಟಿತು. ಅವಳ ದತ್ತುಪುತ್ರ ಬಸವಪ್ಪನಾಯಕನು ಮುಂದೆ ಸಂಸ್ಕೃತದಲ್ಲಿ 'ಶಿವತತ್ತ್ವರತ್ನಾಕರ'ವನ್ನು ರಚಿಸಿದನು. ಅದರ ರಾಜನೀತಿಯ ಭಾಗವನ್ನು ಪುರಾತನ ಶಾಸ್ತ್ರಗಳ ಸಂಗ್ರಹವೆಂದಷ್ಟೇ ಓದುವ ವಾಡಿಕೆಯಿದೆ. ಆ ಮನೆಯಲ್ಲಿ ಬೆಳೆದವನ ಬರಹವೆಂದು ಅದನ್ನು ಓದುವ ಕೆಲಸವನ್ನು ನಮ್ಮ ಸಂಶೋಧನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕು.