ಹದಿನೈದನೆಯ ತಿದ್ದುಪಡಿಗೆ ಲೌಂಡ್ಸ್ ಕೌಂಟಿಯ ಟೀಕು

ಮೂಲ:

ಜನಾಂಗ, ಬಣ್ಣ ಅಥವಾ ಹಿಂದೆ ಇದ್ದ ಗುಲಾಮಗಿರಿಯ ಕಾರಣಕ್ಕೆ
ಸಂಯುಕ್ತ ಸಂಸ್ಥಾನದ ನಾಗರಿಕರ ಮತದಾನದ ಹಕ್ಕನ್ನು
ಸಂಯುಕ್ತ ಸಂಸ್ಥಾನವಾಗಲಿ, ಯಾವುದೇ ರಾಜ್ಯವಾಗಲಿ
ನಿರಾಕರಿಸುವಂತಿಲ್ಲ, ಮೊಟಕುಗೊಳಿಸುವಂತಿಲ್ಲ.
ಈ ವಿಧಿಯನ್ನು ತಕ್ಕ ಶಾಸನದ ಮೂಲಕ ಜಾರಿಗೊಳಿಸುವ ಅಧಿಕಾರ ಕಾಂಗ್ರೆಸ್ಸಿಗೆ ಇರತಕ್ಕದ್ದು.

ಅಮೆರಿಕದ ಸಂವಿಧಾನಕ್ಕೆ 1870ರಲ್ಲಿ ಸೇರಿದ ಹದಿನೈದನೆಯ ತಿದ್ದುಪಡಿ ಇಷ್ಟೇ. ಕಾನೂನು ಕಾಲೇಜಿನಲ್ಲಿ ಇದಕ್ಕೆ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಇಟ್ಟುಕೊಂಡು ಅರ್ಥ ಹೇಳುತ್ತಾರೆ. ನಾನಿಲ್ಲಿ ಒಂದು ಕೌಂಟಿಯನ್ನು ಇಟ್ಟುಕೊಂಡು ಹೇಳುತ್ತೇನೆ. ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿ ಅದು. ಸೆಲ್ಮಾ ಮತ್ತು ಮಾಂಟ್‌ಗೊಮರಿ ನಗರಗಳ ನಡುವೆ, 80ನೇ ಹೆದ್ದಾರಿಯ ಎರಡೂ ಬದಿಗೆ ಚೆಲ್ಲಿಕೊಂಡ ಹಳ್ಳಿಗಾಡು. ಕಚೇರಿ, ಕೋರ್ಟು, ಜೈಲು ಇರುವುದು ಹೇನ್‌ವಿಲ್ ಎಂಬ ಸಣ್ಣ ಊರಿನಲ್ಲಿ. 2020ರ ಜನಗಣತಿಯ ಪ್ರಕಾರ ಇಡೀ ಕೌಂಟಿಯ ಜನಸಂಖ್ಯೆ 10,311. ಪಕ್ಕದ ಸೆಲ್ಮಾ ಪಠ್ಯಪುಸ್ತಕ ಸೇರಿತು, ಸಿನಿಮಾ ಆಯಿತು. ಈ ಕೌಂಟಿಗೆ ದಕ್ಕಿದ್ದು ‘ನೆತ್ತರ ಲೌಂಡ್ಸ್’ ಎಂಬ ಅಡ್ಡಹೆಸರು.

ಜನಾಂಗ, ಬಣ್ಣ ಅಥವಾ ಹಿಂದೆ ಇದ್ದ ಗುಲಾಮಗಿರಿಯ ಕಾರಣಕ್ಕೆ

ಲೌಂಡ್ಸ್‌ನಲ್ಲಿ ಈ ಮೂರಕ್ಕೂ ಬೇರು ಮಣ್ಣಿನಲ್ಲಿದೆ. ಅಲಬಾಮಾದ ನಡುಭಾಗದಲ್ಲಿ ಅಡ್ಡಲಾಗಿ ಹಾದುಹೋಗುವ ಕಪ್ಪು ಮಣ್ಣಿನ ಪಟ್ಟೆಗೆ ‘ಬ್ಲ್ಯಾಕ್ ಬೆಲ್ಟ್’ ಎನ್ನುತ್ತಾರೆ. ಕೆಳಗೆ ಪುರಾತನ ಸಮುದ್ರದ ತಳದಲ್ಲಿ ಕೂತ ಸುಣ್ಣದ ಪದರ, ಮೇಲೆ ಅಂಟು ಜೇಡಿ. ಮಳೆಗೆ ಉಬ್ಬಿ ಕಾಲಿಗೆ ಮೆತ್ತುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಗದಗ, ನವಲಗುಂದದ ಎರೆಹೊಲ ತುಳಿದವರಿಗೆ ಇನ್ನೇನೂ ವಿವರಿಸಬೇಕಿಲ್ಲ.

ಈ ನೆಲ ಕ್ರೀಕ್ ಜನರದು. 1813ರ ಡಿಸೆಂಬರ್ 23ರಂದು ಇಲ್ಲಿನ ‘ಹೋಲಿ ಗ್ರೌಂಡ್’ ಎಂಬ ಅವರ ನೆಲೆಯ ಮೇಲೆ ಅಮೆರಿಕದ ಸೇನೆ ದಾಳಿ ಮಾಡಿತು. ಅವರ ನಾಯಕ ವಿಲಿಯಂ ವೆದರ್‌ಫರ್ಡ್ ಕುದುರೆಸಮೇತ ದಂಡೆಯಿಂದ ಅಲಬಾಮಾ ನದಿಗೆ ಹಾರಿ ತಪ್ಪಿಸಿಕೊಂಡ ಕಥೆಯನ್ನು ಇಂದಿಗೂ ಹೇಳುತ್ತಾರೆ. ಮರುವರ್ಷದ ಒಪ್ಪಂದದಲ್ಲಿ ಕ್ರೀಕ್ ಜನ ಎರಡು ಕೋಟಿ ಎಕರೆಗೂ ಹೆಚ್ಚು ನೆಲ ಕಳೆದುಕೊಂಡರು. 1830ರಲ್ಲಿ ಕೌಂಟಿ ರಚನೆಯಾದಾಗ ಅದಕ್ಕೂ ಅದರ ಮುಖ್ಯ ಊರಿಗೂ ದಕ್ಷಿಣ ಕೆರೊಲಿನಾದ ರಾಜಕಾರಣಿಗಳ ಹೆಸರಿಟ್ಟರು. ಒಬ್ಬ ವಿಲಿಯಂ ಲೌಂಡ್ಸ್, ಇನ್ನೊಬ್ಬ ರಾಬರ್ಟ್ ಹೇನ್. ಇಲ್ಲಿಗೆ ಹತ್ತಿಯೂ ಗುಲಾಮರೂ ಯಾವ ದಿಕ್ಕಿನಿಂದ ಬಂದರೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿ. 1860ರ ಗಣತಿಯಲ್ಲಿ ಕೌಂಟಿಯ ಜನ 27,716. ಅವರಲ್ಲಿ ಗುಲಾಮರು 19,340.

ಧಾರವಾಡ ಸೀಮೆಯ ಹಳೆಯ ಲೆಕ್ಕಪತ್ರಗಳಲ್ಲೂ ಈ ಹತ್ತಿಯ ನೆರಳಿದೆ. ಅಮೆರಿಕದ ದಕ್ಷಿಣದಿಂದ ಬಂದ ನ್ಯೂ ಆರ್ಲಿಯನ್ಸ್ ಬೀಜವನ್ನು ಕಂಪನಿ ಸರ್ಕಾರ 1840ರ ದಶಕದಲ್ಲಿ ಈ ಸೀಮೆಯಲ್ಲಿ ಬಿತ್ತಿಸಿತ್ತು. ಆ ತಳಿಗೆ ‘ಧಾರವಾಡ ಅಮೆರಿಕನ್’ ಎಂದೇ ಹೆಸರಾಯಿತು. 1861ರಲ್ಲಿ ಅಂತರ್ಯುದ್ಧ ಶುರುವಾಗಿ ಲ್ಯಾಂಕಾಶೈರ್ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಾಗ ಧಾರವಾಡದ ಹತ್ತಿಯ ಬೆಲೆ ಗಗನಕ್ಕೇರಿತು. ಅಲ್ಲಿ ಯುದ್ಧ ಮುಗಿದ ಮೇಲೆ ಇಲ್ಲಿ ಬೆಲೆ ಕುಸಿಯಿತು.

ತಿದ್ದುಪಡಿ ಗುಲಾಮಗಿರಿಯನ್ನು ‘ಹಿಂದೆ ಇದ್ದದ್ದು’ ಎನ್ನುತ್ತದೆ. ಕಾನೂನಿನ ಮಟ್ಟಿಗೆ ಸರಿ. ಹೊಲದ ಮಟ್ಟಿಗೆ ಆದದ್ದೇ ಬೇರೆ. ಗುಲಾಮರು ಸ್ವತಂತ್ರರಾದರು, ಭೂಮಿ ಮಾತ್ರ ಹಳೆಯ ಧಣಿಗಳ ಕೈಯಲ್ಲೇ ಉಳಿಯಿತು. ಬೀಜ, ಹೇಸರಗತ್ತೆ, ಮನೆಸಾಮಾನು ಎಲ್ಲವನ್ನೂ ಸಾಲ ಪಡೆದು ಪಾಲಿಗೆ ಹೊಲ ಮಾಡುವುದು. ವರ್ಷದ ಕೊನೆಗೆ ಧಣಿಯ ಪುಸ್ತಕದಲ್ಲಿ ಇನ್ನೂ ಬಾಕಿ. 1906ರಲ್ಲಿ ಸಮಾಜಶಾಸ್ತ್ರಜ್ಞ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಕೇಂದ್ರ ಸರ್ಕಾರಕ್ಕಾಗಿ ಇದೇ ಕೌಂಟಿಯ ಮನೆಮನೆಯ ಸಮೀಕ್ಷೆ ನಡೆಸಿದರು. ಸರ್ಕಾರ ವರದಿಯನ್ನು ಅಚ್ಚು ಹಾಕಿಸಲಿಲ್ಲ, ಆಮೇಲೆ ಅದು ನಾಶವಾಯಿತೆಂದು ತಿಳಿಸಿತು. ಡುಬಾಯ್ಸ್ ತಾವು ಕಂಡದ್ದನ್ನು 1911ರಲ್ಲಿ ಒಂದು ಕಾದಂಬರಿಗೆ ತಂದರು. ಸರ್ಕಾರಕ್ಕೆ ಬೇಡವಾದ ಅಂಕಿಅಂಶ ಕಥೆಯಾಗಿ ಉಳಿದ ಅಪರೂಪದ ಪ್ರಸಂಗ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು, ಮುಂದಿನ ಸಾಲಿಗೆ ಅದು ಬೇಕಾಗುತ್ತದೆ. 1892ರಲ್ಲಿ ಷಾರ್ಲಟ್ ಥಾರ್ನ್, ಮೇಬಲ್ ಡಿಲಿಂಗ್‌ಹ್ಯಾಮ್ ಎಂಬ ಇಬ್ಬರು ಬಿಳಿಯ ಶಿಕ್ಷಕಿಯರು ಕ್ಯಾಲ್‌ಹೂನ್ ಎಂಬಲ್ಲಿ ಕಪ್ಪು ಮಕ್ಕಳಿಗೆ ಶಾಲೆ ತೆರೆದರು. ಶಾಲೆಯ ಜೊತೆಗೆ ದೊಡ್ಡ ಜಮೀನುಗಳನ್ನು ಕೊಳ್ಳುವುದು, ತುಂಡು ಮಾಡಿ ಕಂತಿನ ಮೇಲೆ ಕಪ್ಪು ರೈತರಿಗೆ ಮಾರುವುದೂ ನಡೆಯಿತು. ಅಕ್ಷರಕ್ಕಿಂತ ಆ ಕ್ರಯಪತ್ರಗಳೇ ಹೆಚ್ಚು ಕೆಲಸ ಮಾಡಿದವೆಂದು ನನಗನ್ನಿಸುತ್ತದೆ.

ಸಂಯುಕ್ತ ಸಂಸ್ಥಾನದ ನಾಗರಿಕರ ಮತದಾನದ ಹಕ್ಕನ್ನು

1870ರ ದಶಕದಲ್ಲಿ ಲೌಂಡ್ಸ್‌ನ ಕಪ್ಪು ಗಂಡಸರು ಮತ ಹಾಕಿದರು, ತಮ್ಮವರನ್ನು ರಾಜ್ಯದ ಶಾಸನಸಭೆಗೂ ಕಳಿಸಿದರು. 1965ರ ಜನವರಿಗೆ ಬಂದರೆ ಕೌಂಟಿಯಲ್ಲಿ ಐದಕ್ಕೆ ನಾಲ್ವರು ಕಪ್ಪು ಜನ. ಅವರಲ್ಲಿ ಮತದಾರರಾಗಿ ನೋಂದಾಯಿತರಾದವರು ಸೊನ್ನೆ. ಬಿಳಿಯರ ಪಟ್ಟಿಯಲ್ಲೋ, ಅರ್ಹ ವಯಸ್ಸಿನ ಬಿಳಿಯರ ಸಂಖ್ಯೆಗಿಂತ ಹೆಚ್ಚು ಹೆಸರುಗಳಿದ್ದವು. ಸತ್ತವರಿಗೂ ಊರು ಬಿಟ್ಟವರಿಗೂ ಇದ್ದ ಹಕ್ಕು ಬದುಕಿ ಉಳುವವರಿಗೆ ಇರಲಿಲ್ಲ.

ಆ ವರ್ಷದ ಮಾರ್ಚ್ 1, ಸೋಮವಾರ, ಒಂದು ಗುಂಪು ಹೇನ್‌ವಿಲ್‌ನ ಕೋರ್ಟುಕಟ್ಟೆಗೆ ಹೋಗಿ ನೋಂದಣಿ ಕೇಳಿತು. ಮುಂದಾಳು ಜಾನ್ ಹ್ಯೂಲೆಟ್. ಬರ್ಮಿಂಗ್‌ಹ್ಯಾಮ್‌ನಲ್ಲಿ ದುಡಿದು, ಅಲ್ಲಿನ ಹೋರಾಟದಲ್ಲಿ ಪಳಗಿ, ಊರಿಗೆ ಮರಳಿ ಬೇಸಾಯಕ್ಕೆ ನಿಂತಿದ್ದವರು. ಅಂದು ಎಲ್ಲರನ್ನೂ ವಾಪಸು ಕಳಿಸಿದರು. ಎರಡನೆಯ ಸಲ ಹೋದಾಗ ಅರ್ಜಿ ತೆಗೆದುಕೊಂಡದ್ದು ಹಳೆಯ ಜೈಲಿನ ಕಟ್ಟಡದಲ್ಲಿ. ಕೊನೆಗೆ ಪಟ್ಟಿ ಸೇರಿದ ಮೊದಲಿಗರು ಇಬ್ಬರೇ: ಹ್ಯೂಲೆಟ್ ಮತ್ತು ಒಬ್ಬ ಅಂಧ ಪಾದ್ರಿ.

ಅದೇ ತಿಂಗಳು 21ರಿಂದ 25ರವರೆಗೆ ಮತದಾನದ ಹಕ್ಕಿಗಾಗಿ ಸೆಲ್ಮಾದಿಂದ ಮಾಂಟ್‌ಗೊಮರಿಗೆ ಪಾದಯಾತ್ರೆ. ದಾರಿಯ ಬಹುಪಾಲು ಇದೇ ಕೌಂಟಿಯಲ್ಲಿತ್ತು. ಇಲ್ಲಿ ಹೆದ್ದಾರಿ ಕಿರಿದಾಗುತ್ತಿದ್ದುದರಿಂದ ನ್ಯಾಯಾಲಯ ಮುನ್ನೂರು ಜನರಿಗಷ್ಟೇ ಅನುಮತಿ ಕೊಟ್ಟಿತ್ತು. ಎರಡನೆಯ ರಾತ್ರಿ ರೋಸೀ ಸ್ಟೀಲ್ ಎಂಬ ವೃದ್ಧೆಯ ಹೊಲದಲ್ಲಿ, ಮೂರನೆಯ ರಾತ್ರಿ ರಾಬರ್ಟ್ ಗಾರ್ಡ್ನರ್ ಅವರ ಹೊಲದಲ್ಲಿ ಬಿಡಾರ. ಮಳೆ ಸುರಿದು ಹೊಲವೆಲ್ಲ ರಾಡಿ. ಇವರಿಬ್ಬರೇ ಏಕೆ ಜಾಗ ಕೊಟ್ಟರು? ಧೈರ್ಯ ಇತ್ತು, ಸರಿ. ಆದರೆ ಹೊಲ ಸ್ವಂತದ್ದಾಗಿತ್ತು ಎಂಬುದನ್ನು ಬಿಟ್ಟು ಆ ಧೈರ್ಯವನ್ನು ಹೊಗಳಿದರೆ ಅರ್ಧ ಸತ್ಯ ಹೇಳಿದಂತೆ. ಪಾಲಿಗೆ ಮಾಡುವವರು ಯಾರದೋ ಹೊಲದಲ್ಲಿ ಯಾತ್ರಿಕರಿಗೆ ಡೇರೆ ಹಾಕಿಸುವುದು ಸಾಧ್ಯವೇ ಇರಲಿಲ್ಲ.

ಸಂಯುಕ್ತ ಸಂಸ್ಥಾನವಾಗಲಿ, ಯಾವುದೇ ರಾಜ್ಯವಾಗಲಿ

ಟೀಕು ಬರೆಯುವವನಿಗೆ ಹೆಚ್ಚು ಕೆಲಸ ಕೊಡುವ ಸಾಲು ಇದು. ಹಕ್ಕನ್ನು ಯಾರು ಕಸಿಯಬಾರದು ಎಂದು ಇಲ್ಲಿ ಎರಡೇ ಹೆಸರಿವೆ. ಜಮೀನುದಾರ, ಅಂಗಡಿಯವನು, ಸಾಲ ಕೊಟ್ಟವನು, ರಾತ್ರಿ ಕಾರಿನಲ್ಲಿ ಬರುವವನು, ಇವರ ಹೆಸರಿಲ್ಲ. ಲೌಂಡ್ಸ್‌ನಲ್ಲಿ ಕೆಲಸ ನಡೆಸಿದವರು ಇವರೇ.

ಯಾತ್ರೆ ಮುಗಿದ 25ರ ರಾತ್ರಿ, ಡೆಟ್ರಾಯಿಟ್‌ನಿಂದ ಬಂದಿದ್ದ ಐದು ಮಕ್ಕಳ ತಾಯಿ ವಯೊಲಾ ಲಿಯುಝೊ ಯಾತ್ರಿಕರನ್ನು ಊರು ಮುಟ್ಟಿಸಲು ಕಾರು ಓಡಿಸುತ್ತಿದ್ದರು. ಲೌಂಡ್ಸ್‌ನ ಹೆದ್ದಾರಿಯಲ್ಲಿ ಕು ಕ್ಲಕ್ಸ್ ಕ್ಲ್ಯಾನ್ ಎಂಬ ಬಿಳಿಯರ ಹಿಂಸಾಗುಂಪಿನವರು ಕಾರಿನಲ್ಲಿ ಬೆನ್ನಟ್ಟಿ ಬಂದು ಅವರನ್ನು ಗುಂಡಿಕ್ಕಿ ಕೊಂದರು. ಆ ಕಾರಿನಲ್ಲಿದ್ದ ನಾಲ್ವರಲ್ಲಿ ಒಬ್ಬ ಎಫ್‌ಬಿಐ ಸಂಬಳದ ಮಾಹಿತಿದಾರ. ಹೇನ್‌ವಿಲ್ ಕೋರ್ಟಿನಲ್ಲಿ ಮೊದಲ ವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಎರಡನೆಯದರಲ್ಲಿ ಆರೋಪಿ ಖುಲಾಸೆ. ಕೊನೆಗೆ ಫೆಡರಲ್ ಕೋರ್ಟು ಅಂತರ್ಯುದ್ಧದ ಬೆನ್ನಿಗೆ ಬಂದಿದ್ದ ಹಳೆಯ ನಾಗರಿಕ ಹಕ್ಕುಗಳ ಕಾನೂನನ್ನು ಹುಡುಕಿ ತೆಗೆದು ಮೂವರಿಗೆ ಹತ್ತು ವರ್ಷ ವಿಧಿಸಿತು. ಕೊಲೆಗಲ್ಲ, ಹಕ್ಕು ಭಂಗಕ್ಕೆ.

ಆಗಸ್ಟ್ 14ರಂದು ಫೋರ್ಟ್ ಡಿಪಾಸಿಟ್ ಎಂಬ ಊರಿನಲ್ಲಿ ಅಂಗಡಿಗಳ ಮುಂದೆ ಪ್ರತಿಭಟಿಸಿದವರನ್ನು ಕಸದ ಲಾರಿಯಲ್ಲಿ ತುಂಬಿ ಹೇನ್‌ವಿಲ್ ಜೈಲಿಗೆ ಸಾಗಿಸಿದರು. ಅವರಲ್ಲಿ ಪಾದ್ರಿಯಾಗಲು ಓದುತ್ತಿದ್ದ ನ್ಯೂ ಹ್ಯಾಂಪ್‌ಶೈರ್‌ನ ಜೊನಾಥನ್ ಡೇನಿಯಲ್ಸ್ ಒಬ್ಬರು. ವಯಸ್ಸು 26. ಆರನೆಯ ದಿನ ಇದ್ದಕ್ಕಿದ್ದಂತೆ ಎಲ್ಲರನ್ನೂ ಬಿಟ್ಟರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಉರಿಬಿಸಿಲು. ಡೇನಿಯಲ್ಸ್, ಒಬ್ಬ ಕ್ಯಾಥೊಲಿಕ್ ಪಾದ್ರಿ, ಇಬ್ಬರು ಕಪ್ಪು ಹುಡುಗಿಯರು ತಣ್ಣನೆಯ ಸೋಡಾ ಕೊಳ್ಳಲು ಹತ್ತಿರದ ವಾರ್ನರ್ ಅಂಗಡಿಗೆ ನಡೆದರು. ಬಾಗಿಲಲ್ಲಿ ಟಾಮ್ ಕೋಲ್ಮನ್ ಬಂದೂಕು ಹಿಡಿದು ನಿಂತಿದ್ದ. ಆತ ಗುರಿಯಿಟ್ಟಾಗ 17ರ ರೂಬಿ ಸೇಲ್ಸ್ ಅವರನ್ನು ಡೇನಿಯಲ್ಸ್ ಪಕ್ಕಕ್ಕೆ ತಳ್ಳಿ ಗುಂಡಿಗೆ ಎದೆಯೊಡ್ಡಿದರು. ಅಲ್ಲೇ ಸತ್ತರು. ಪಾದ್ರಿ ರಿಚರ್ಡ್ ಮಾರಿಸ್‌ರೋ ತೀವ್ರವಾಗಿ ಗಾಯಗೊಂಡು ಬದುಕಿದರು. ಕೋಲ್ಮನ್ ಹೆದ್ದಾರಿ ಇಲಾಖೆಯ ನೌಕರ, ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ನ ಅರೆಕಾಲಿಕ ಸಹಾಯಕ. ಹಾಗಾದರೆ ಆತ ‘ರಾಜ್ಯ’ವೋ, ಖಾಸಗಿ ವ್ಯಕ್ತಿಯೋ? ಈ ಸಾಲು ಉತ್ತರಿಸುವುದಿಲ್ಲ. ಸೆಪ್ಟೆಂಬರ್ 30ರಂದು ಬಿಳಿಯ ಗಂಡಸರಷ್ಟೇ ಇದ್ದ ಜ್ಯೂರಿ, ಆತ್ಮರಕ್ಷಣೆ ಎಂದು ನಂಬಿ, ಆತನನ್ನು ಬಿಟ್ಟಿತು.

ಕೊಲೆಗಾರ ಯಾರಾದರೇನು, ಜ್ಯೂರಿಯಂತೂ ರಾಜ್ಯದ್ದೇ ತಾನೆ? ಆ ಎಳೆ ಹಿಡಿದು ಕೌಂಟಿಯ ಜನ ಫೆಡರಲ್ ಕೋರ್ಟಿಗೆ ಹೋದರು. ‘ವೈಟ್ ವರ್ಸಸ್ ಕ್ರುಕ್’ ಎಂಬ ಆ ದಾವೆಯ ಹಿಂದೆ ವಕೀಲೆ ಪಾಲಿ ಮರ್ರಿ ಕೂಡ ಇದ್ದರು. 1966ರ ಫೆಬ್ರುವರಿಯ ತೀರ್ಪು ಕಪ್ಪು ಜನರನ್ನು ಮಾತ್ರವಲ್ಲ, ಹೆಂಗಸರನ್ನೂ ಜ್ಯೂರಿಯಿಂದ ಹೊರಗಿಡುವುದು ಸಂವಿಧಾನಬಾಹಿರ ಎಂದಿತು. ಅಲಬಾಮಾದಲ್ಲಿ ಅಲ್ಲಿಯವರೆಗೆ ಯಾವ ಬಣ್ಣದ ಹೆಂಗಸೂ ಜ್ಯೂರಿಯಲ್ಲಿ ಕೂರುವಂತಿರಲಿಲ್ಲ. ನನ್ನ ಮಟ್ಟಿಗೆ ಲೌಂಡ್ಸ್ ದೇಶಕ್ಕೆ ಕೊಟ್ಟ ದೊಡ್ಡ ಕಾಣಿಕೆಗಳಲ್ಲಿ ಇದೂ ಒಂದು. ಹೆಸರು ಹೇಳುವವರು ಕಡಿಮೆ.

ಜಮೀನುದಾರರ ಕೈಯಲ್ಲಿದ್ದ ಆಯುಧಕ್ಕೆ ಗುಂಡು ಬೇಕಿರಲಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು ಕಂಡರೆ ಒಕ್ಕಲೆಬ್ಬಿಸಿದರಾಯಿತು. 1965ರ ಡಿಸೆಂಬರಿನ ಚಳಿಯಲ್ಲಿ ಹಾಗೆ ಬೀದಿಗೆ ಬಿದ್ದ ಕುಟುಂಬಗಳು ಹೆದ್ದಾರಿ ಪಕ್ಕದ ಆರು ಎಕರೆಯಲ್ಲಿ ಡೇರೆ ಹಾಕಿಕೊಂಡವು. ರಾತ್ರಿ ಹೊತ್ತು ರಸ್ತೆಯಿಂದ ಗುಂಡು ಹಾರಿಸಿ ಹೋಗುವವರಿದ್ದರು. ‘ಟೆಂಟ್ ಸಿಟಿ’ ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ಇಂದು ಅಲ್ಲಿ ರಾಷ್ಟ್ರೀಯ ಉದ್ಯಾನ ಸೇವೆಯ ವಸ್ತುಪ್ರದರ್ಶನವಿದೆ.

ನಿರಾಕರಿಸುವಂತಿಲ್ಲ, ಮೊಟಕುಗೊಳಿಸುವಂತಿಲ್ಲ

1901ರಲ್ಲಿ ಅಲಬಾಮಾ ಹೊಸ ಸಂವಿಧಾನ ಬರೆದುಕೊಂಡಿತು. ಅದರ ಮತದಾನದ ವಿಧಿಗಳಲ್ಲಿ ‘ಕಪ್ಪು’ ಎಂದು ಎಲ್ಲೂ ಬರೆಯದೆಯೇ ಕೆಲಸ ಮುಗಿಸಿದರು. ವರ್ಷಕ್ಕೆ ಒಂದೂವರೆ ಡಾಲರ್ ಮತಗಂದಾಯ, ಬಾಕಿ ಸೇರುತ್ತ 36 ಡಾಲರಿನವರೆಗೆ. ಓದು-ಬರಹದ ಪರೀಕ್ಷೆ. ಸಾಲದ್ದಕ್ಕೆ, ಈಗಾಗಲೇ ಮತದಾರನಾದವನೊಬ್ಬ ಅರ್ಜಿದಾರನ ಪರವಾಗಿ ಸಾಕ್ಷಿ ಹೇಳಬೇಕು. ಕಪ್ಪು ಮತದಾರ ಒಬ್ಬನೂ ಇಲ್ಲದ ಕೌಂಟಿಯಲ್ಲಿ ಯಾರು ಹೇಳಬೇಕು?

1965ರಲ್ಲಿ ಕಪ್ಪು ಜನರಿಗೆ ಪಟ್ಟಿ ತೆರೆದ ಮೇಲೆ ಮೊಟಕುಗೊಳಿಸುವ ದಾರಿ ಬದಲಾಯಿತು. 1966ರಲ್ಲಿ ಕಪ್ಪು ಅಭ್ಯರ್ಥಿಗಳು ಬರಬಹುದೆಂಬ ಸುಳಿವು ಸಿಕ್ಕಾಗ ಸ್ಥಳೀಯ ಡೆಮಾಕ್ರಟಿಕ್ ಪಕ್ಷ ಸ್ಪರ್ಧಾಶುಲ್ಕವನ್ನು 50 ಡಾಲರಿನಿಂದ 500ಕ್ಕೆ ಏರಿಸಿತು. ಆ ಪಕ್ಷದ ಬಾಗಿಲು ತಟ್ಟುವುದೇ ಬೇಡವೆಂದು ಹ್ಯೂಲೆಟ್ ಮತ್ತು ಎಸ್‌ಎನ್‌ಸಿಸಿ ಎಂಬ ವಿದ್ಯಾರ್ಥಿ ಹೋರಾಟ ಸಂಘಟನೆಯ ಸ್ಟೋಕ್ಲಿ ಕಾರ್ಮೈಕಲ್ ಸೇರಿ ಕೌಂಟಿಗೇ ಒಂದು ಪಕ್ಷ ಕಟ್ಟಿದರು. ಓದು ಬಾರದವರಿಗಾಗಿ ಮತಪತ್ರದಲ್ಲಿ ಚಿಹ್ನೆ ಕಡ್ಡಾಯ. ಚಿಹ್ನೆ ನೋಡಿ ಮತ ಹಾಕುವುದು ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಡೆಮಾಕ್ರಟರದು ಬಿಳಿ ಹುಂಜ, ಅದರ ಸುತ್ತ ಬಿಳಿಯರ ಮೇಲುಗಾರಿಕೆಯ ಘೋಷಣೆ. ಇವರು ಆರಿಸಿದ್ದು ಜಿಗಿಯುತ್ತಿರುವ ಕರಿಚಿರತೆ. ಅಟ್ಲಾಂಟದ ಕಾಲೇಜೊಂದರ ಲಾಂಛನ ನೋಡಿ ಬರೆದ ಚಿತ್ರ ಅದು. ಅದೇ ವರ್ಷ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲಂಡ್‌ನ ಯುವಕರು ಅದನ್ನು ತಮ್ಮ ಪಕ್ಷಕ್ಕೆ ಎತ್ತಿಕೊಂಡರು, ಜಗತ್ತು ಅವರನ್ನೇ ನೆನಪಿಟ್ಟುಕೊಂಡಿತು. ಬಂದೂಕಿನ ಜೊತೆ ಫೋಟೋಕ್ಕೆ ನಿಲ್ಲುವ ಮುಂಚೆ ಆ ಚಿರತೆ ಮತಪತ್ರದಲ್ಲಿ ಅಚ್ಚಾಗಲು ಹುಟ್ಟಿತ್ತು.

ಮೇ 3ರಂದು ಅಭ್ಯರ್ಥಿಗಳ ಆಯ್ಕೆ. ಕೋರ್ಟಿನ ಅಂಗಳ ಸಿಗಲಿಲ್ಲ, ಚರ್ಚಿನ ಅಂಗಳದಲ್ಲಿ ಸುಮಾರು ಒಂಬೈನೂರು ಜನ ಸಾಲುಗಟ್ಟಿದರು. ನವೆಂಬರ್ 8ರ ಚುನಾವಣೆಯಲ್ಲಿ ಏಳೂ ಅಭ್ಯರ್ಥಿಗಳು ಸೋತರು. ಜಮೀನುದಾರರು ತಮ್ಮ ಆಳುಗಳನ್ನು ಲಾರಿಗಳಲ್ಲಿ ತಂದು ಹುಂಜಕ್ಕೆ ಹಾಕಿಸಿದ್ದರು. ಗೆಲುವು 1970ರಲ್ಲಿ ಬಂತು: ಹ್ಯೂಲೆಟ್ ಶೆರಿಫ್ ಆದರು. ಇಪ್ಪತ್ತೆರಡು ವರ್ಷ ಆ ಕುರ್ಚಿಯಲ್ಲಿದ್ದರು.

ಜಾರಿಗೊಳಿಸುವ ಅಧಿಕಾರ ಕಾಂಗ್ರೆಸ್ಸಿಗೆ ಇರತಕ್ಕದ್ದು

ಅಧಿಕಾರ ಇರಬೇಕು ಎಂದಿದೆ, ಬಳಸಲೇಬೇಕು ಎಂದಿಲ್ಲ. ಸರಿಯಾಗಿ ಬಳಸಲು 95 ವರ್ಷ ಹಿಡಿಯಿತು. 1965ರ ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯ್ದೆಗೆ ಸಹಿ ಬಿತ್ತು. ನಾಲ್ಕೇ ದಿನದಲ್ಲಿ ಕೇಂದ್ರದ ಅಧಿಕಾರಿಗಳು ಲೌಂಡ್ಸ್‌ನಲ್ಲಿ ಮೇಜು ಹಾಕಿ ಹೆಸರು ಬರೆದುಕೊಳ್ಳತೊಡಗಿದರು. ಹಳೆಯ ಚಾಳಿಯ ರಾಜ್ಯಗಳು ಚುನಾವಣಾ ನಿಯಮ ಬದಲಿಸಲು ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕೆಂಬ ಷರತ್ತೂ ಕಾಯ್ದೆಯಲ್ಲಿತ್ತು. 2013ರಲ್ಲಿ ಅಲಬಾಮಾದ್ದೇ ಇನ್ನೊಂದು ಕೌಂಟಿ, ಶೆಲ್ಬಿ, ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು ಆ ಷರತ್ತಿನ ಹಲ್ಲು ಕಿತ್ತಿತು.

ಮತ ಬಂತು, ಶೆರಿಫ್ ಬಂದರು, ಮಣ್ಣು ಅದೇ ಉಳಿಯಿತು. ಹತ್ತಿಗೆ ಒಗ್ಗಿದ ಆ ಜೇಡಿ ಮಾಮೂಲಿ ಸೆಪ್ಟಿಕ್ ಟ್ಯಾಂಕಿನ ನೀರನ್ನು ಹೀರುವುದಿಲ್ಲ. ಅದಕ್ಕೆ ತಕ್ಕ ವ್ಯವಸ್ಥೆಯ ಖರ್ಚು ಸಾವಿರಾರು ಡಾಲರ್, ಅದು ಮನೆಯವರದೇ ಹೊಣೆ. ಆಗದವರು ಒಂದು ಪೈಪು ಎಳೆದು ಹಿತ್ತಲಿನ ಹೊಂಡಕ್ಕೆ ಬಿಡುತ್ತಾರೆ. ಮಳೆ ಬಂದಾಗ ಅದು ಮನೆಯೊಳಕ್ಕೇ ವಾಪಸು ಬರುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರೀಕ್ಷೆಗೆ ಒಳಪಟ್ಟ 55 ಜನರಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಮಂದಿಗೆ ಕೊಕ್ಕೆಹುಳುವಿನ ಸುಳಿವು ಸಿಕ್ಕಿತು. ಇದನ್ನು ದೇಶದ ಕಣ್ಣಿಗೆ ಬೀಳಿಸಿದ ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ಇದೇ ಕೌಂಟಿಯಲ್ಲಿ ಬೆಳೆದವರು. 2020ರಲ್ಲಿ ಅವರಿಗೆ ಮೆಕಾರ್ಥರ್ ಫೆಲೋಶಿಪ್ ಬಂತು. ಕೇಂದ್ರದ ನ್ಯಾಯ ಇಲಾಖೆ ತನಿಖೆ ನಡೆಸಿ 2023ರ ಮೇ ತಿಂಗಳಲ್ಲಿ ಅಲಬಾಮಾದ ಆರೋಗ್ಯ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಆ ಕೆಲಸಕ್ಕೆ ಆಧಾರವಾಗಿದ್ದದ್ದು ಹದಿನೈದನೆಯ ತಿದ್ದುಪಡಿಯಲ್ಲ, 1964ರ ನಾಗರಿಕ ಹಕ್ಕುಗಳ ಕಾಯ್ದೆ. ಚರಂಡಿಯ ಮಾತು ತಿದ್ದುಪಡಿಯಲ್ಲಿ ಎಲ್ಲಿಂದ ಬರಬೇಕು? 2025ರ ಏಪ್ರಿಲ್‌ನಲ್ಲಿ ಹೊಸ ಆಡಳಿತ ಒಪ್ಪಂದವನ್ನು ರದ್ದು ಮಾಡಿತು. ಮಂಜೂರಾದ ಹಣ ಇರುವವರೆಗೆ ಟ್ಯಾಂಕು ಕೂರಿಸುವುದನ್ನು ಮುಂದುವರಿಸುತ್ತೇವೆ ಎಂದು ರಾಜ್ಯದ ಆರೋಗ್ಯ ಇಲಾಖೆ ಹೇಳಿತು.